ಉತ್ತರ

ಎಸ್.ಪಿ. ರೋಡಿನಲ್ಲಿ ಇನಾಯತ್ ಒಡೆಯುತ್ತಾನೆ
ಸತ್ತ ಸ್ಪೀಕರುಗಳ ಬುರುಡೆ.
ಕಾಗದದ ಗಂಟಲು ಹರಿದು, ತಾಮ್ರದ ಸುರುಳಿ ಬಿಚ್ಚಿ
ಕೊನೆಗೆ ಉಳಿಸಿಕೊಳ್ಳುವುದು
ಕಪ್ಪು ಬಳೆಯಂಥ ಒಂದು ಕಲ್ಲು.
'ಗಣೇಶನ ಹಬ್ಬ, ಬಾಂಗು, ಎಲೆಕ್ಷನ್ನು
ಎಲ್ಲ ಕೂಗಿದ್ದು ಇದೇ ಮೇಡಂ.
ಈಗ ನೋಡಿ, ಕಿಲೋ ಲೆಕ್ಕ.'
ಆರು ಆರಿಸಿಕೊಂಡೆ.
ಶಾಲೆಯ ರಿಜಿಸ್ಟರಿನಲ್ಲಿ ಬರೆಯಲಾಗದ ಖರ್ಚು.

ಅಂಗಡಿ ಎಂದರೆ ಅರ್ಧ ಅಂಗಡಿ.
ನಡುವೆ ಪ್ಲೈವುಡ್. ಆಚೆಗೆ ತಮ್ಮ ಶಫಾಯತ್:
ಅದೇ ಮೂಗು, ಅದೇ ಮಾಲು, ಅದೇ ರೇಟು,
ಚಹಾಕ್ಕೆ ಅದೇ ಅರ್ಧ ಚಮಚ ಸಕ್ಕರೆ.
ಅಪ್ಪ ಹೋದ ವರ್ಷ ಎದ್ದ ಹಲಗೆ.
ಹನ್ನೊಂದು ವರ್ಷದಿಂದ ಚಹಾದ ಹುಡುಗ
ಒಂದೇ ಕೆಟಲು ಹಿಡಿದು ಎರಡು ಸಲ ಬರುತ್ತಾನೆ.

ಈಚೆ ಹಲಗೆಯ ಮೇಲೆ ಒಂದು ಅಯಸ್ಕಾಂತ,
ಅದಕ್ಕೆ ನೇತುಬಿದ್ದ ಬೀಗದ ಕೈ ಗೊಂಚಲು.
ಮೊಳೆಯಿಲ್ಲ, ಗೋಂದಿಲ್ಲ.
ಮರಕ್ಕೆ ಅದು ಅಂಟುವುದಿಲ್ಲ ಎಂದು
ನನ್ನ ಏಳನೇ ಕ್ಲಾಸಿಗೂ ಗೊತ್ತು.
ನಾನು ಕೇಳಲಿಲ್ಲ. ಚಿಲ್ಲರೆ ಎಣಿಸಿಕೊಂಡು ಬಂದೆ.

ಮರುದಿನ ಕಾಟನ್‌ಪೇಟೆಯ ಸರ್ಕಾರಿ ಶಾಲೆ.
ಬೋರ್ಡಿನ ಮೇಲೆ ಬರೆದೆ:
ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ,
ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ.
ಹದಿನೈದು ವರ್ಷದ ಸಾಲು,
ಸೀಮೆಸುಣ್ಣಕ್ಕೇ ಬಾಯಿಪಾಠ.
ಕಿಟಕಿ ಪಕ್ಕದ ಸಂಪಂಗಿ ಎದ್ದು ನಿಂತ.
'ಮಿಸ್, ಹಂಗಾದ್ರೆ ನಮ್ಮಕ್ಕನಿಗೆ ಯಾಕೆ ಹೊಡುದ್ರು?'

ಹಿಂದಿನ ಬೆಂಚು ನಕ್ಕಿತು.
ಮುಂದಿನ ಬೆಂಚು ನಗಲಿಲ್ಲ.
ಹಿಂದಿನ ಬೆಂಚೂ ಆಮೇಲೆ ನಿಲ್ಲಿಸಿತು.
'ಪಾಠದ ಬಗ್ಗೆ ಮಾತ್ರ ಕೇಳು' ಎಂದೆ.
ಅವನು ಕೇಳಿದ್ದು ಪಾಠದ ಬಗ್ಗೆಯೇ.

ಪೆನ್ಸಿಲಿಗೆ ಎರಡು ಬಳೆ ಪೋಣಿಸಿದೆ, ಮುಖಕ್ಕೆ ಅದೇ ಮುಖ.
ಮೇಲಿನದು ಇಳಿಯಲೊಲ್ಲದು. ಗಾಳಿಯನ್ನೇ ದಿಂಬು ಮಾಡಿ
ನಡುಗುತ್ತ ಕೂತಿತು.
ಬೆರಳಿಂದ ಒತ್ತಿದವರಿಗೆಲ್ಲ ಸಿಕ್ಕಿತು
ಕಾಣದ ಯಾರದೋ ಅಂಗೈ.
ಈ ಗದ್ದಲದಲ್ಲಿ ಒಂದು ಬಿದ್ದು ಎರಡು ಹೋಳಾಯಿತು.

ಸಂಪಂಗಿ ಕೂಡಿಸಲು ನೋಡಿದ.
ಹೋಳು ಹೋಳಿಗೆ ಹಲ್ಲು ಹಲ್ಲೂ ಸರಿ ಹೊಂದುತ್ತಿತ್ತು,
ಆದರೂ ತಳ್ಳಿಕೊಂಡವು,
ನಿನ್ನೆಯವರೆಗೆ ಒಂದೇ ಆಗಿದ್ದವು.
ಬಹಳ ಹೊತ್ತು ಒತ್ತಿದ. ಉಗುರು ಬೆಳ್ಳಗಾಯಿತು.
ಆಮೇಲೆ ಒಂದನ್ನು ಬೋರಲು ಮಾಡಿದ.
ಟಕ್.
'ಮಿಸ್, ಒಂದು ಮಗುಚಬೇಕು. ಯಾವುದಾದ್ರೂ ಒಂದು.'

ಅದನ್ನು ದಾರಕ್ಕೆ ಕಟ್ಟಿ ಕಿಟಕಿ ಸರಳಿಗೆ ತೂಗಿಸಿದೆವು,
ಪಕ್ಕದಲ್ಲಿ ಒಡೆಯದ ಇನ್ನೊಂದು.
ಒಡೆಯದ್ದು ಸ್ವಲ್ಪ ಹೊಯ್ದಾಡಿ
ಮೆಜೆಸ್ಟಿಕ್ಕಿನ ಕಡೆ ಮುಖ ಮಾಡಿ ನಿಂತಿತು,
ಯಾರೋ ಅಲ್ಲಿಂದ ಕರೆದ ಹಾಗೆ.
ಕೂಡಿದ್ದು ಮಾತ್ರ ಎಲ್ಲಿಗೆ ತಿರುಗಿಸಿದರೆ ಅಲ್ಲಿಗೆ,
ಬೀದಿಯ ಬಸ್ಸಿನ ಗಾಳಿಗೆ, ಯಾರ ಉಸಿರಿಗೂ.
'ಇದಕ್ಕೆ ಉತ್ತರ ಗೊತ್ತಿಲ್ಲ' ಅಂದ ಸಂಪಂಗಿ.
ಬೆಲ್ ಹೊಡೆಯಿತು.
ಹೋಳೆರಡನ್ನೂ ಚಡ್ಡಿಯ ಜೇಬಿಗೆ ಇಳಿಸಿದ.
'ಅಕ್ಕನಿಗೆ ತೋರಿಸ್ತೀನಿ.'

ಶನಿವಾರ ಬೇಕೆಂತಲೇ ಶಫಾಯತ್‌ನ ಬದಿಗೆ ಹೋದೆ.
ಒಂದೇ ಒಂದು ಬೇಕಿತ್ತು, ಒಡೆದುಹೋದದ್ದರ ಬದಲಿಗೆ.
ಹಲಗೆಯ ಮೇಲೆ ಚಹಾದ ಚೀಟಿ ಒತ್ತಿಕೊಂಡು
ಒಂದು ಕಪ್ಪು ಬಳೆ. ಧೂಳು ಕೂತಿತ್ತು ಸುತ್ತ,
ತೆಗೆದು ಇಟ್ಟ ಗುರುತಿರಲಿಲ್ಲ.
ಕೈ ಚಾಚಿದೆ.
ತಕ್ಕಡಿ ಬಿಟ್ಟು ಎದ್ದೇ ಬಿಟ್ಟ:
'ಅದು ಮಾರೋದಲ್ಲ ಮೇಡಂ.
ಅದನ್ನ ತೆಗೆದ್ರೆ
ಆ ಕಡೆ ಬೀಗದ ಕೈ ಬೀಳ್ತದೆ.'